ಅರಿಶಿನ ಕೀಳುವ ಮೊದಲೇ

ನಮ್ಮ ಭೀಮನಬೀಡಿನಲ್ಲಿ ಮಕ್ಕಳನ್ನು ಮುಂದೆ ಏನು ಓದಿಸುವುದು ಎಂಬ ಮಾತು ಶುರುವಾಗುವುದೇ ರಿಸಲ್ಟ್ ಬಂದ ಮೇಲೆ. ಏಪ್ರಿಲ್‌ನಲ್ಲಿ ದ್ವಿತೀಯ ಪಿಯು ಫಲಿತಾಂಶ ಬರುತ್ತದೆ. ಪಾಸಾದವರ ಮನೆಯವರು ಮೈಸೂರಿನ ನೆಂಟರಿಗೆ ಫೋನು ಮಾಡುತ್ತಾರೆ, ಗುಂಡ್ಲುಪೇಟೆಯ ಸೈಬರ್ ಅಂಗಡಿಯ ಹುಡುಗನನ್ನು ವಿಚಾರಿಸುತ್ತಾರೆ, ಕೊನೆಗೆ ನನ್ನಂಥ ನಿವೃತ್ತ ಮೇಷ್ಟರ ಜಗಲಿಗೆ ಬಂದು ಕೂರುತ್ತಾರೆ. ‘ಸೀಟು ಸಿಕ್ತುದಾ ಸಾ?’ ಎಂಬುದೊಂದೇ ಪ್ರಶ್ನೆ. ಯಾವ ಊರು, ಯಾವ ವಿಷಯ, ಯಾಕೆ ಓದಬೇಕು ಎಂಬುದೆಲ್ಲ ಆಮೇಲಿನ ಮಾತು. ಅಂಕಪಟ್ಟಿಯನ್ನು ಕೈಗೆ ತೆಗೆದುಕೊಳ್ಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಂಕ ಕಡಿಮೆಯಾಯಿತೆಂದಲ್ಲ. ಆ ಮಗು ಸಲೀಸಾಗಿ ಹೋಗಬಹುದಾಗಿದ್ದ ಎಷ್ಟೋ ಕಡೆ ಅಷ್ಟು ಹೊತ್ತಿಗೆ ಅರ್ಜಿಯ ಕೊನೆಯ ದಿನವೇ ಮುಗಿದುಹೋಗಿರುತ್ತದೆ.

ಈ ಸಲ ಹಾಗಾಗಲಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಬಂದಳು. ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗಿ ಬಂದು ಪಿಯು ವಿಜ್ಞಾನ ಓದುತ್ತಿದ್ದಾಳೆ. ಕಾಲೇಜಿನ ಲೆಕ್ಚರರ್ ಒಬ್ಬರು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಮಾತು ಹೇಳಿದ್ದರಂತೆ. ಅಲ್ಲಿ ‘ಅರ್ಲಿ ಅಡ್ಮಿಷನ್’ ಎಂಬ ಮೊದಲ ಸುತ್ತು ಇದೆ, ಪಿಯು ಪರೀಕ್ಷೆಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ ಪ್ರವೇಶ ಪರೀಕ್ಷೆ ಬರೆಯಬಹುದು ಎಂದು. ಫೋನಿನಲ್ಲಿ ಅದನ್ನೆಲ್ಲ ತೆರೆದು ತೋರಿಸಿ, ‘ಸಾರ್, ನಂಗೆ ಎಷ್ಟು ಪರ್ಸೆಂಟ್ ಚಾನ್ಸ್ ಇದೆ?’ ಎಂದಳು.

ಆ ವಿಶ್ವವಿದ್ಯಾಲಯ 2010ರಲ್ಲಿ ನಮ್ಮ ರಾಜ್ಯದ ಕಾಯ್ದೆಯಡಿಯಲ್ಲೇ ಸ್ಥಾಪನೆಯಾದದ್ದು. ಸರ್ಜಾಪುರದ ಕಡೆ ಅದರ ಕ್ಯಾಂಪಸ್ ಇದೆ. ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಮನೆಯ ಆದಾಯ ನೋಡಿ ಶುಲ್ಕ, ಊಟ, ವಸತಿಯ ಖರ್ಚಿನಲ್ಲಿ ನೆರವು ಕೊಡುತ್ತಾರೆ, ಕೆಲವರಿಗೆ ಪೂರ್ತಿಯಾಗಿ. ಮೊದಲ ಸುತ್ತಿನಲ್ಲಿ ಆಗದವರಿಗೆ ಎರಡನೆಯ ಸುತ್ತು ಇರುತ್ತದೆ. ಅಂದರೆ ಹಣವಿಲ್ಲದ ಮನೆಯ ಮಗುವನ್ನು ದೂರ ಇಡಬೇಕೆಂದು ಮಾಡಿದ ವ್ಯವಸ್ಥೆ ಅದಲ್ಲ. ಹಾಗಿದ್ದೂ ಅಲ್ಲಿಯವರೆಗೆ ನಮ್ಮೂರಿನ ಮಗು ತಲುಪುವುದು ಎಷ್ಟು ಕಷ್ಟ ಎಂಬುದನ್ನು ಮುಂದಿನ ಕೆಲವು ವಾರಗಳಲ್ಲಿ ಹತ್ತಿರದಿಂದ ನೋಡಿದೆ.

ಚಾನ್ಸ್ ಎಷ್ಟು ಎಂಬ ಪ್ರಶ್ನೆಗೆ ನಾನು ಸಂಖ್ಯೆ ಹೇಳಲಿಲ್ಲ. ಹೇಳಲೂಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕದ ಹಾರ್ವರ್ಡ್‌ನ ಲೆಕ್ಕ ನೋಡಿ. ಅಲ್ಲಿ ಮೊದಲ ಸುತ್ತಿನ ಅರ್ಜಿಗೆ ನವೆಂಬರ್ 1 ಕಡೆಯ ದಿನ, ಡಿಸೆಂಬರ್ ನಡುವಿಗೆ ಉತ್ತರ. ಈಚಿನ ವರ್ಷಗಳಲ್ಲಿ ಆ ಸುತ್ತಿನಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಸೀಟು ಸಿಕ್ಕಿದ್ದರೆ, ಆಮೇಲಿನ ಸುತ್ತಿನಲ್ಲಿ ಎರಡು ಮೂರು ಮಂದಿಗೆ ಸಿಕ್ಕಿದೆ. ಇದನ್ನು ನೋಡಿದ ಯಾರಾದರೂ ಮೊದಲೇ ಹಾಕಿದರೆ ಅವಕಾಶ ಹೆಚ್ಚು ಎಂದುಕೊಳ್ಳುತ್ತಾರೆ. ಆದರೆ ಮೊದಲು ಅರ್ಜಿ ಹಾಕುವವರು ಯಾರು? ಆಟದ ತಂಡಗಳಿಗೆ ಆಯ್ಕೆಯಾದವರು, ಅಲ್ಲೇ ಓದಿದವರ ಮಕ್ಕಳು, ಎರಡು ವರ್ಷದಿಂದ ಸಲಹೆಗಾರರನ್ನು ಇಟ್ಟುಕೊಂಡು ತಯಾರಾದವರು. ಸುತ್ತೊಂದೇ ಅವರನ್ನು ಗೆಲ್ಲಿಸುವುದಿಲ್ಲ. ಗೆಲ್ಲುವ ತಯಾರಿ ಇರುವವರೇ ಹೆಚ್ಚಾಗಿ ಮೊದಲ ಸುತ್ತಿಗೆ ಬಂದಿರುತ್ತಾರೆ. ಮೊದಲ ಸುತ್ತಿಗೆ ಬರುವವರು ಎಂಥವರು ಎಂಬುದು ಹಾರ್ವರ್ಡ್‌ನವರಿಗೂ ಗೊತ್ತಿತ್ತು. ಅನುಕೂಲಸ್ಥರಿಗೇ ಮತ್ತಷ್ಟು ಅನುಕೂಲವಾಗುತ್ತದೆ ಎಂದು 2006ರಲ್ಲಿ ಅವರು ಈ ಪದ್ಧತಿಯನ್ನು ಕೈಬಿಡುವುದಾಗಿ ಹೇಳಿದರು. ಪ್ರಿನ್ಸ್‌ಟನ್ ಕೂಡ ಅದೇ ದಾರಿ ಹಿಡಿಯಿತು. ಉಳಿದ ಬಹುಪಾಲು ವಿಶ್ವವಿದ್ಯಾಲಯಗಳು ಹಿಂಬಾಲಿಸಲಿಲ್ಲ. 2011ರಲ್ಲಿ ಎರಡೂ ಹಳೆಯ ಪದ್ಧತಿಗೇ ಮರಳಿದವು.

ನಮ್ಮಲ್ಲೂ ಇಂಥದೊಂದು ಮುಂಚಿನ ದಾರಿ ಇತ್ತು. 1999ರಲ್ಲಿ ಶುರುವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ. ಪ್ರಥಮ ಪಿಯುವಿನಲ್ಲೇ ಅದರ ಪರೀಕ್ಷೆ ಬರೆಯಬಹುದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಪದವಿ ತರಗತಿ ತೆರೆದಾಗ ಈ ಪರೀಕ್ಷೆಯಲ್ಲಿ ಗೆದ್ದವರಿಗೂ ಅಲ್ಲಿ ದಾರಿಯಾಯಿತು. ಅಂದರೆ ಹದಿನಾರು ಹದಿನೇಳರ ಮಗು ಸಿಇಟಿ, ನೀಟ್ ಎಂದು ಪರದಾಡುವ ಮೊದಲೇ ದೇಶದ ಅತ್ಯುತ್ತಮ ವಿಜ್ಞಾನ ಸಂಸ್ಥೆಯ ಹೊಸಿಲು ತಲುಪಬಹುದಿತ್ತು. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪ್ರಾದೇಶಿಕ ಭಾಷೆಗಳಲ್ಲೂ ಬೇಕೆಂಬ ಬೇಡಿಕೆ 2021ರಲ್ಲಿ ಮದ್ರಾಸ್ ಹೈಕೋರ್ಟಿನವರೆಗೆ ಹೋಯಿತು, ಪರೀಕ್ಷೆ ಮುಂದಕ್ಕೆ ಹೋಯಿತು, 2022ರಲ್ಲಿ ಯೋಜನೆಯೇ ನಿಂತಿತು. ಅಷ್ಟು ವರ್ಷ ನಡೆದ ಆ ಪರೀಕ್ಷೆಯ ಹೆಸರನ್ನು ನಮ್ಮ ಊರಿನ ಮಕ್ಕಳ ಬಾಯಲ್ಲಿ ನಾನು ಕೇಳಲೇ ಇಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅರ್ಜಿ ತುಂಬಲು ಕೂತೆವು. ವಿದ್ಯಾರ್ಥಿಯ ಹೆಸರು, ಶಾಲೆ, ಅಂಕ, ಅದೆಲ್ಲ ಸುಲಭ. ನೆರವು ಬೇಕೆಂದರೆ ಮನೆಯ ಆದಾಯದ ವಿವರ ಕೊಡಬೇಕು. ಅವರಪ್ಪನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಒಂದಿಷ್ಟು ಜಮೀನು, ಅದರಲ್ಲಿ ಅರಿಶಿನ, ಒಂದು ಪಟ್ಟೆ ಸಣ್ಣ ಈರುಳ್ಳಿ, ಮಳೆ ನೋಡಿಕೊಂಡು ಚೆಂಡುಹೂ. ಹೋಬಳಿಯ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರು. ಹಳೆಯದರ ಅವಧಿ ಮುಗಿದಿತ್ತು. ಆಧಾರ್‌ನಲ್ಲಿ ಅಪ್ಪನ ಹೆಸರಿನ ಮುಂದೆ ಇನಿಷಿಯಲ್ ಇದೆ, ಪಹಣಿಯಲ್ಲಿ ಇಲ್ಲ, ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರೇ ಬೇರೆ ಕಾಗುಣಿತದಲ್ಲಿದೆ. ಪ್ರಮಾಣಪತ್ರದ ಆರ್‌ಡಿ ನಂಬರು ಬರುವ ತನಕ ಹುಡುಗಿ ದಿನಾ ಸಂಜೆ ಬಂದು ಫೋನು ನೋಡಿ ಹೋಗುತ್ತಿದ್ದಳು. ನಗರದ ಮಗುವಿಗೆ ಈ ಕೆಲಸ ಅರ್ಧ ಗಂಟೆಯದು. ನಮ್ಮ ಮಗುವಿನ ಓದುವ ಸಮಯವನ್ನೇ ಅದು ತಿಂದುಹಾಕಿತು.

ಅವರಪ್ಪನ ಚಿಂತೆ ಬೇರೆ. ‘ಈಗ್ಲೇ ಅಲ್ಗೆ ಹೂಂ ಅಂದ್ಬುಟ್ರ, ನಾಳ ನೀಟಲ್ಲಿ ಸೀಟು ಬಂದ್ರ ಏನ್ ಮಾಡದು ಮೇಷ್ಟ್ರೇ? ಅರಿಶ್ಣ ಕಿತ್ತು ಕಾಸು ನೋಡ್ದೆ ನಾನ್ಯಾವ ಮಾತ್ನೂ ಕೊಡಕಾಗಲ್ಲ’ ಎಂದ.

ಆ ಮಾತಿನಲ್ಲಿ ಹುರುಳಿದೆ. ಮುಂಗಾರಿನ ಮೊದಲ ಮಳೆಗೆ ನೆಟ್ಟ ಅರಿಶಿನ ಕೀಳಲು ಬರುವುದು ಜನವರಿಯ ಮೇಲೆ. ಕಿತ್ತು, ಬಿಡಿಸಿ, ಬೇಯಿಸಿ, ಕಣದಲ್ಲಿ ಹರಡಿ ಒಣಗಿಸಿ, ಪಾಲಿಶ್ ಮಾಡಿಸಿ ಮೂಟೆ ಕಟ್ಟುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಆಮೇಲೂ ಈರೋಡಿನ ದರ ಏನಿದೆ ಎಂದು ನೋಡಿಯೇ ಮಾರುವುದು. ಒಂದು ವರ್ಷ ಕೈತುಂಬ ಬಂದರೆ ಇನ್ನೊಂದು ವರ್ಷ ಕೂಲಿಗೂ ಸಾಲದು. ನಮ್ಮಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದವರು ಸಾಮಾನ್ಯವಾಗಿ ಹೇಳಿದ ದಿನದೊಳಗೆ ಹಣ ಕಟ್ಟಿ ಸೀಟು ಉಳಿಸಿಕೊಳ್ಳಬೇಕು. ತಿಂಗಳ ಸಂಬಳ ಬರುವ ಮನೆಯಲ್ಲಿ ಆ ದಿನ ಬೇರೆ ದಿನಗಳಂತೆಯೇ. ಒಕ್ಕಲು ಮನೆಯಲ್ಲಿ ಅದು ಬೆಳೆ ಇನ್ನೂ ನೆಲದೊಳಗೇ ಇರುವ ದಿನ. ಪ್ರವೇಶದ ಕ್ಯಾಲೆಂಡರ್ ಬರೆದವರ ಕಣ್ಣಿಗೆ ಅರಿಶಿನದ ಕ್ಯಾಲೆಂಡರ್ ಬಿದ್ದಿಲ್ಲ. ಪೂರ್ತಿ ನೆರವು ಸಿಗಬಹುದು ಎಂದು ನಾನು ಎಷ್ಟು ಹೇಳಿದರೂ ಅವನಿಗೆ ಆ ‘ಬಹುದು’ ಮೇಲೆ ನಂಬಿಕೆ ಹುಟ್ಟಲಿಲ್ಲ. ಹುಟ್ಟಬೇಕೆಂದು ಒತ್ತಾಯಿಸುವ ಹಕ್ಕೂ ನನಗಿಲ್ಲ. ಅರ್ಜಿ ಹಾಕುವುದಕ್ಕೆ ಮಾತ್ರ ಒಪ್ಪಿದ. ಒಪ್ಪಿಸಿದ್ದು ನಾನಲ್ಲ, ಅವಳ ಅವ್ವ.

ಹುಡುಗಿಗೆ ನಾನು ಒಂದು ಅಭ್ಯಾಸ ಕೊಟ್ಟೆ. ಸಂದರ್ಶನದಲ್ಲಿ ಕೇಳಬಹುದು, ಈ ವಿಷಯ ಯಾಕೆ ಓದಬೇಕು ಅನ್ನಿಸಿತು ಎಂದು ಒಂದು ಪುಟ ಬರೆದು ತಾ ಎಂದೆ. ಮೊದಲು ತಂದದ್ದು ಎಲ್ಲರೂ ಬರೆಯುವಂಥದು. ಸಮಾಜಸೇವೆ, ದೇಶದ ಪ್ರಗತಿ, ತಂದೆತಾಯಿಯ ಕನಸು. ಓದಿ ಬದಿಗಿಟ್ಟು, ನಿಮ್ಮ ಹೊಲದಲ್ಲಿ ನೀನು ಕಣ್ಣಾರೆ ಕಂಡದ್ದೇನಾದರೂ ಇದೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬೋರ್‌ವೆಲ್ ಮಾತು ತೆಗೆದಳು. ನಮ್ಮ ತಾಲ್ಲೂಕಿನ ಕೆರೆಗಳಿಗೆ ಕಬಿನಿಯಿಂದ ನೀರು ತುಂಬಿಸುವ ಯೋಜನೆ ಇದೆಯಲ್ಲ, ಕೆರೆಗೆ ನೀರು ಬಂದ ಮೇಲೆ ಸುತ್ತಲಿನ ಬೋರ್‌ವೆಲ್‌ಗಳು ಒಟ್ಟಿಗೆ ಚೇತರಿಸಿಕೊಳ್ಳಲಿಲ್ಲವಂತೆ. ಕೆರೆಗೆ ಹತ್ತಿರದ ಒಂದು ಬೋರು ಒಣಗಿಯೇ ಉಳಿಯಿತು, ದೂರದ್ದರಲ್ಲಿ ನೀರು ಏರಿತು. ಯಾರ ಹೊಲದ್ದು ಯಾವಾಗ ಏರಿತು ಎಂದು ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಳು. ಯಾಕೆ ಬರೆದಿಟ್ಟೆ ಎಂದರೆ, ‘ಕಲ್ಲು ಹೆಂಗಿದೆಯೋ ಅದ್ರ ಮೇಲೆ ಇರ್ಬೇಕು ಸಾರ್, ಗೊತ್ತಾಗ್ಬೇಕಲ್ಲ’ ಎಂದಳು.

ಅದನ್ನೇ ಬರಿ ಎಂದೆ. ಬರೆದಳು. ನಾನು ಕಾಗುಣಿತ ತಿದ್ದಿದ್ದು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಮೇಷ್ಟರಾಗಿ ಕಳೆದ ಇಷ್ಟು ವರ್ಷಗಳಲ್ಲಿ ಅಷ್ಟು ಚೆನ್ನಾಗಿ ಯೋಚಿಸಿದ ಪುಟಗಳು ನನ್ನ ಕೈಗೆ ಹೆಚ್ಚು ಬಂದಿಲ್ಲ. ಈ ಪುಟಕ್ಕೆ ಎಷ್ಟು ಪರ್ಸೆಂಟ್ ಚಾನ್ಸ್ ಇದೆ ಎಂದು ಯಾವ ಲೆಕ್ಕದವನು ಹೇಳಿಯಾನು?

ಹಳ್ಳಿ ಮಕ್ಕಳಿಗೆ ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ಸಿಇಟಿಯಲ್ಲಿ ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಎಷ್ಟೋ ಮನೆಗಳು ಅದರಿಂದ ಬೆಳಕು ಕಂಡಿವೆ. ಅದಕ್ಕಿಂತ ನನಗೆ ಹಿಡಿಸಿದ್ದು ನವೋದಯದ ಕ್ರಮ. ಹೊಂಡರಬಾಳಿನಲ್ಲಿ ನಮ್ಮ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವಿದೆ. ಮಗು ಐದನೆಯ ತರಗತಿಯಲ್ಲಿರುವಾಗಲೇ ಅರ್ಜಿ, ಆರನೆಯದಕ್ಕೆ ಪ್ರವೇಶ. ಅದೂ ಮುಂಚಿನ ಅರ್ಜಿಯೇ, ಪೈಪೋಟಿಯೂ ಕಡಿಮೆಯೇನಲ್ಲ. ಆದರೆ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ ಎಂದು ನಿಯಮದಲ್ಲೇ ಬರೆದಿದೆ, ಪರೀಕ್ಷೆ ಕನ್ನಡದಲ್ಲೇ ಇದೆ. ನಮ್ಮೂರಿನ ಅವ್ವಂದಿರಿಗೂ ಅದರ ಅರ್ಜಿ ಯಾವಾಗ ಬರುತ್ತದೆ ಎಂದು ಗೊತ್ತು. ಪ್ರಾಥಮಿಕ ಶಾಲೆಯ ಟೀಚರುಗಳು ಮನೆಗೆ ಹೋಗಿ ಫಾರಂ ತುಂಬಿಸಿದ್ದನ್ನು ನಾನೇ ಕಂಡಿದ್ದೇನೆ. ಹತ್ತು ವರ್ಷದ ಮಗುವಿಗೆ ಮಾಡಲು ಬಂದದ್ದು ಹದಿನೇಳು ವರ್ಷದ ಮಗುವಿಗೆ ಯಾಕೆ ಬಾರದು? ವಿಶ್ವವಿದ್ಯಾಲಯಗಳು ಮೊದಲ ಸುತ್ತಿನ ಹಣ ಕಟ್ಟುವ ದಿನವನ್ನು ಒಕ್ಕಲು ಮನೆಗಳಿಗೆ ಸುಗ್ಗಿ ಮುಗಿಯುವವರೆಗೆ ಮುಂದೂಡಬಹುದು. ಪಿಯು ಇಲಾಖೆ ಇಂಥ ಅರ್ಜಿಗಳ ದಿನಾಂಕಗಳನ್ನೆಲ್ಲ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಬಹುದು. ಇವೆರಡಕ್ಕೂ ದೊಡ್ಡ ಖರ್ಚಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಹುಡುಗಿ ಪ್ರವೇಶ ಪರೀಕ್ಷೆ ಬರೆದು ಬಂದಿದ್ದಾಳೆ. ಸಂದರ್ಶನಕ್ಕೆ ಇನ್ನೂ ಕರೆ ಬಂದಿಲ್ಲ. ಪಿಯು ಪರೀಕ್ಷೆಗೂ ಓದುತ್ತಿದ್ದಾಳೆ, ಸಿಇಟಿಗೂ ಅರ್ಜಿ ಹಾಕಲಿದ್ದಾಳೆ. ಹಾಕಲೇಬೇಕು.

ನಮ್ಮ ತಾಲ್ಲೂಕಿನಿಂದ ಹೋಗಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆ ನಿಂತವರು ಬಹಳ ಮಂದಿ ಇದ್ದೀರಿ. ಹಬ್ಬಕ್ಕೆ ಊರಿಗೆ ಬರುತ್ತೀರಿ, ದೇವಸ್ಥಾನಕ್ಕೆ ಕಾಣಿಕೆ ಕೊಡುತ್ತೀರಿ, ಶಾಲೆಗೆ ಬೆಂಚು ಕೊಡಿಸುತ್ತೀರಿ. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಸೆಪ್ಟೆಂಬರ್‌ನಲ್ಲಿ ಒಂದು ದಿನ ನಿಮ್ಮ ಹಳೆಯ ಪಿಯು ಕಾಲೇಜಿಗೆ ಹೋಗಿ, ನೀವು ಓದಿದ ಕಡೆ ಅರ್ಜಿ ಯಾವಾಗ, ಪರೀಕ್ಷೆ ಯಾವ ಭಾಷೆಯಲ್ಲಿ, ನೆರವು ಎಷ್ಟು, ಯಾವ ಕಾಗದ ಬೇಕು ಎಂಬುದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳಿ, ಕರಿಹಲಗೆಯ ಮೇಲೆ ನಿಮ್ಮ ಫೋನ್ ನಂಬರು ಬರೆದು ಬನ್ನಿ. ಫೋನು ಬಂದಾಗ ಎತ್ತಿ.