ಹಳಹಳಿಕೆಗೊಂದು ಜಪಾನಿ ಹಾಡು

ಹಳಹಳಿಕೆ ಶುರುವಾದ್ರೆ ಎಲ್ಲರೂ ಹೇಳೋದು ಒಂದೇ: 'ಆದದ್ದಾಯ್ತು, ಬಿಟ್ಹಾಕು.' ನಾನು ಮಾತ್ರ ಇಯರ್‌ಫೋನ್ ಸಿಕ್ಕಿಸ್ಕೊಂಡು ಯಮಾಝಾಕಿ ಮಸಾಯೊಶಿ 1997ರಲ್ಲಿ ಹಾಡಿದ 'ಒನ್ ಮೋರ್ ಟೈಮ್, ಒನ್ ಮೋರ್ ಚಾನ್ಸ್' ಹಾಕ್ತೀನಿ. ಇನ್ನು ಸಿಗದ ಜೀವವೊಂದನ್ನು ಊರೆಲ್ಲ, ಎದುರು ಪ್ಲಾಟ್‌ಫಾರ್ಮಿನಲ್ಲೂ ಹುಡುಕುವ ಹಾಡು. ಶಿಂಕೈ ಮಕೊಟೊ 2007ರ '5 ಸೆಂಟಿಮೀಟರ್ಸ್ ಪರ್ ಸೆಕೆಂಡ್' ಸಿನಿಮಾದ ಕೊನೆಗೆ ಇದನ್ನೇ ಬಳಸಿದರು.

ಇನ್ನೊಂದು, ಯೊನೆಝು ಕೆನ್ಶಿಯ 'ಲೆಮನ್', 2018ರದ್ದು. ಅದನ್ನು ಕಟ್ಟುತ್ತಿರುವಾಗಲೇ ಅವರ ಅಜ್ಜ ತೀರಿಕೊಂಡರಂತೆ.

ನಮ್ಮಜ್ಜಿ ಹೋದಾಗ ನಾನಿನ್ನೂ ಬಸ್ಸಲ್ಲಿದ್ದೆ; ಊರು ನಾಲ್ಕು ಗಂಟೆ ದೂರವಿತ್ತು. ಆಮೇಲೆ ತಿಂಗಳುಗಟ್ಟಲೆ ಈ ಎರಡೇ ಹಾಡು. ಜಪಾನಿ ಬರಲ್ಲ, ಅನುವಾದ ಓದಿಕೊಂಡೇ ಕೇಳಿದೆ. ಅವು ಸಮಾಧಾನ ಹೇಳಲ್ಲ, ಹುಡುಕೋದು ನಿಲ್ಲಿಸು ಅನ್ನಲ್ಲ. ಜೊತೆಗೆ ಕೂತು ತಾವೂ ಹುಡುಕುತ್ತವೆ. ಒಮ್ಮೊಮ್ಮೆ ಅಷ್ಟು ಸಾಕು ಕಣ್ರೀ.