ಅಪ್ಪನ ಲೋಟದಲ್ಲಿ ಇಟಲಿಯ ವೈನ್

ಆಫೀಸ್ ಕೆಲಸಕ್ಕೆಂದು ಇಟಲಿಗೆ ಹೋದವಳು ಬರುವಾಗ ಅಮ್ಮನಿಗೆ ಶಾಲು, ತಮ್ಮನಿಗೆ ಶೂ ತಂದೆ. ಸೂಟ್‌ಕೇಸಿನ ತಳದಲ್ಲಿ, ಸ್ವೆಟರ್ ಸುತ್ತಿದ ಒಂದು ಬಾಟಲಿ ಕಿಯಾಂಟಿ ಕ್ಲಾಸಿಕೊ ಕೂಡ ಇತ್ತು. ದೇವನಹಳ್ಳಿ ಏರ್‌ಪೋರ್ಟಿನಿಂದ ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರಿಗೆ ಬರುವಷ್ಟು ಹೊತ್ತೂ ತಲೆಯಲ್ಲಿ ಒಂದೇ ಯೋಚನೆ: ಇದನ್ನ ಅಪ್ಪನಿಗೆ ತೋರಿಸೋದಾ, ಬೇಡ್ವಾ?

ನಮ್ಮ ಮನೆಯೊಳಗೆ ಸೀಸೆ ಬರೋ ಹಾಗಿಲ್ಲ. ತಾತ ಕುಡಿದು ಕುಡಿದು ಎರಡು ಎಕರೆ ಕಳೆದಿದ್ದರು. ಉಳಿದ ಜಾಗದಲ್ಲಿ ಅಪ್ಪ ಚಪ್ಪರ ಹಾಕಿ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದರು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅದೇ ದ್ರಾಕ್ಷಿ. ಅದರಲ್ಲಿ ಎಷ್ಟೋ ಲೋಡು ವೈನ್ ಮಾಡೋರಿಗೇ ಹೋಗಿದೆ. ಅಪ್ಪ ಮಾತ್ರ ಒಂದು ತೊಟ್ಟು ಬಾಯಿಗೆ ಹಾಕಿದವರಲ್ಲ.

ನಾನು ಮೊದಲು ವೈನ್ ಕುಡಿದದ್ದು ಟೀಮ್ ಔಟಿಂಗ್‌ನಲ್ಲಿ, ಅದೂ ನಮ್ಮ ತಾಲ್ಲೂಕಿನಲ್ಲೇ. 1988ರಲ್ಲಿ ಶುರುವಾದ ಗ್ರೋವರ್ ಕಂಪನಿಯ ತೋಟ ಇಲ್ಲೇ ನಂದಿ ಬೆಟ್ಟದ ತಪ್ಪಲಲ್ಲಿದೆ, ಕ್ಯಾಬರ್ನೆ, ಶಿರಾಜ್ ತರದ ಫ್ರೆಂಚ್ ತಳಿಗಳದ್ದು. ಅವತ್ತು ಜೊತೆಯವನೊಬ್ಬ, 'ಬೆಂಗಳೂರು ಬ್ಲೂ ಎಲ್ಲಾ ಜ್ಯೂಸಿಗೆ ಸರಿ, ವೈನಿಗೆ ಚೀಪ್' ಅಂದ. 2013ರಲ್ಲಿ ಜಿಐ ಟ್ಯಾಗ್ ಸಿಕ್ಕ ದ್ರಾಕ್ಷಿ ಅದು. ನಮ್ಮ ಮನೆಯದ್ದು ಅಂತ ಹೇಳಬಹುದಿತ್ತು. ನಾನೂ ಹೌದೆಂದು ತಲೆಯಾಡಿಸಿದೆ.

ಭಾನುವಾರ ಅಮ್ಮ ಕೈಮಾ ಉಂಡೆ ಸಾರು ಮಾಡಿದ್ದಳು. ಅಪ್ಪನೇ ಕೇಳಿದರು, 'ಸ್ವೆಟರ್‌ನಾಗೆ ಏನೋ ಸುತ್ತಿಟ್ಟಿದ್ದೀಯಲ್ಲಮ್ಮ, ತಗೊಂಡ್ ಬಾ.' ಅಮ್ಮ ಮಾತಾಡದೆ ಒಳಗೆ ಹೋದಳು.

ಸ್ಟೀಲ್ ಲೋಟದಲ್ಲಿ ಬಣ್ಣ ಕಾಣಲ್ಲ ಅಂತ ಗಾಜಿನ ಲೋಟ ತಂದೆ. ಕಿಯಾಂಟಿ ಕ್ಲಾಸಿಕೊದಲ್ಲಿ ಕನಿಷ್ಠ 80 ಭಾಗ ಸಾಂಜೊವೇಸೆ ಅನ್ನೋ ದ್ರಾಕ್ಷಿಯೇ ಇರಬೇಕು. ನಾನು ತಂದದ್ದು ಗಾಢ ಬಣ್ಣದ್ದಲ್ಲ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತೆ. ಚೆರ್ರಿ ವಾಸನೆ ಅಂತ ಬರೀತಾರೆ. ನಮಗೆ ಚೆರ್ರಿ ಅಂದರೆ ಬೇಕರಿ ಕೇಕಿನ ಮೇಲಿನದ್ದು. ನನಗಂತೂ ಹುಳಿ ನೇರಳೆಯೇ ನೆನಪಾಯಿತು. ಹಗುರ, ಗಂಟಲು ಸುಡಲ್ಲ. ಆ ಹುಳಿ ಮಾಂಸದ ಸಾರಿಗೆ ಎಷ್ಟು ಹೊಂದಿತು ಅಂದರೆ, ಟಸ್ಕನಿಯವರಿಗೂ ಕೈಮಾ ಉಂಡೆ ಬಡಿಸಬೇಕು!

ಅಪ್ಪ ಮೂಸಿದರು. ಅರ್ಧ ಗುಟುಕು ಬಾಯಲ್ಲಿ ಇಟ್ಟುಕೊಂಡು ಕೂತರು.

'ಮೊದ್ಲು ಹುಳಿ. ಆಮೇಲೆ ಒಗರು. ಸಿಪ್ಪೆ ಜತೇಲೇ ನೆನೆ ಹಾಕವ್ರೆ, ಅಲ್ವಾ?'

ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರೋದು. ಟ್ಯಾನಿನ್ ಅನ್ನೋ ಪದ ಕಲಿಯೋಕೆ ನಾನು ಎಷ್ಟು ವಿಡಿಯೋ ನೋಡಿದ್ದೆ!

'ನಮ್ಮ ದ್ರಾಕ್ಷಿ ಯಾಕೆ ಇಂಥದಕ್ಕೆ ಆಗಲ್ಲ ಅಂತಾರೆ?' ಅಂದರು. ನಮ್ಮದರ ಘಮ ಜಾಸ್ತಿ, ಸಿಹಿ ಇಲ್ಲದ ವೈನಲ್ಲಿ ಅದೇ ಎದ್ದು ನಿಲ್ಲುತ್ತೆ ಅಂದೆ. ಬುಟ್ಟಿ ಹತ್ತಿಸಿದರೆ ಇಡೀ ಬಸ್ಸು ಘಮ್ ಅನ್ನುತ್ತಿದ್ದ ದ್ರಾಕ್ಷಿ.

'ಘಮ ಇದ್ರೆ ತಪ್ಪಾ?'

ಆಗಲೇ ಔಟಿಂಗ್ ದಿನದ್ದನ್ನ ಹೇಳಿಬಿಟ್ಟೆ. ತಲೆಯಾಡಿಸಿದ್ದನ್ನೂ. ಅಪ್ಪ ಬೈಯಲಿಲ್ಲ. ಬಾಟಲಿ ಎಷ್ಟು ಅಂತ ಕೇಳಿದರು. ಅರ್ಧ ಬೆಲೆ ಹೇಳಿದೆ, ಅದಕ್ಕೇ ಹುಬ್ಬೇರಿಸಿದರು.

'ನಂಗೆ ಸಾಕಮ್ಮ' ಅಂತ ಮಿಕ್ಕಿದ್ದನ್ನ ನನ್ನ ಲೋಟಕ್ಕೆ ಬಗ್ಗಿಸಿ, ತಾವೇ ಎದ್ದು ಹೋಗಿ ತಮ್ಮ ಲೋಟ ಎರಡು ಸಲ ತೊಳೆದು ಬೋರಲು ಹಾಕಿದರು.