ಜಗಲಿಯ ದೀಪ, ಬಚ್ಚಲಿನ ಹಾವು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನ್ ತಿಂಗಳು ಕಾಲಿಟ್ಟಿತೆಂದರೆ ಆ ಸೀಮೆಯ ಹೆಂಚಿನ ಮನೆಗಳಿಗೂ ಕಾಡಿಗೂ ನಡುವಣ ಗಡಿಯೇ ಅಳಿಸಿಹೋಗುತ್ತದೆ. ಅಡಕೆ ತೋಟದ ತಂಪು ಅಂಗಳವನ್ನು ದಾಟಿ ಜಗಲಿಯನ್ನೇರುತ್ತದೆ. ಅದರ ಬೆನ್ನಿಗೇ ಆರು ಕಾಲಿನವು, ಎಂಟು ಕಾಲಿನವು, ಕಾಲೇ ಇಲ್ಲದವು ಒಂದೊಂದಾಗಿ ಒಳಬರುತ್ತವೆ. ಕರೆಯದೆ ಬಂದ ಈ ನೆಂಟರ ಗುರುತು ಹಿಡಿಯಬೇಕೆಂಬ ಹಂಬಲವುಳ್ಳವರಿಗೆ ದೂರದ ಪ್ರವಾಸವೇನೂ ಬೇಡ. ಒಂದು ಟಾರ್ಚು, ಒಂದು ಕ್ಯಾಮೆರಾ, ಅದಿಲ್ಲವಾದರೆ ಜೇಬಿನ ಮೊಬೈಲು, ಇವುಗಳ ಜೊತೆಗೆ ಬೇಕಾದಷ್ಟು ತಾಳ್ಮೆ ಇದ್ದರಾಯಿತು.

ಜಗಲಿಯ ದೀಪಕ್ಕೆ ಒಮ್ಮೊಮ್ಮೆ ಅಟ್ಲಾಸ್ ಪತಂಗ ಬಂದೆರಗುವುದುಂಟು. ರೆಕ್ಕೆ ಬಿಡಿಸಿದರೆ ಸುಮಾರು ಒಂದು ಗೇಣು! ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯನ್ನೇ ಹೋಲುವ ಚಿತ್ತಾರ. ಇಷ್ಟು ವೈಭವದ ಈ ಜೀವಿಗೆ ಆಹಾರ ಸೇವಿಸಲು ಬಾಯೇ ಇಲ್ಲ. ಹುಳುವಾಗಿದ್ದಾಗ ತಿಂದುದರ ಬಲದಿಂದಲೇ ಕೆಲವು ದಿನ ಬದುಕಿ, ಸಂತತಿಯನ್ನುಳಿಸಿ ಸಾಯುತ್ತದೆ. ಗೋಡೆಯ ಮೇಲೆ ಅಂಗೈಯಗಲದ ಬೇಟೆಗಾರ ಜೇಡ ಕಂಡರೆ ಪೊರಕೆಗೆ ಕೈ ಹೋಗುವುದು ಸಹಜ. ಆದರೆ ಅದು ಬಲೆ ಕಟ್ಟದೆ ಓಡಾಡಿ ಜಿರಲೆಗಳನ್ನು ಹಿಡಿಯುವ ಉಪಕಾರಿ. ಎದೆಯಡಿಯಲ್ಲಿ ನಾಣ್ಯದಂತಹ ಬಿಳಿಯ ಬಿಲ್ಲೆಯನ್ನು ಹೊತ್ತಿದ್ದರೆ, ಅದು ಮೊಟ್ಟೆಯ ಚೀಲವನ್ನು ಕಾಯುತ್ತಿರುವ ತಾಯಿ.

ತೋಟದ ಎಲೆಗಳ ನಡುವೆ ಚಗಳಿಗಳ ಸಾಲನ್ನು ಚಿತ್ರ ತೆಗೆದವರು ಆಮೇಲೆ ಅದನ್ನು ಹಿಗ್ಗಿಸಿ ನೋಡಿ ಬೆರಗಾಗುವುದೂ ಉಂಟು. ಸಾಲಿನ ಬದಿಯಲ್ಲೊಂದಕ್ಕೆ ಕಾಲುಗಳು ಎಂಟು! ಅದು ಚಗಳಿಯ ವೇಷ ತೊಟ್ಟ ಜೇಡ; ಮುಂಗಾಲೆರಡನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತ, ಎಲ್ಲರನ್ನೂ ಏಮಾರಿಸುತ್ತದೆ. ಕಣ್ಣು ಅವಸರದಲ್ಲಿ ಬಿಟ್ಟುದನ್ನು ಚಿತ್ರವು ಹಿಡಿದಿಡುತ್ತದೆ.

ಈ ಮಾತಿನ ಬೆಲೆ ತಿಳಿಯುವುದು ಬಚ್ಚಲಿನಲ್ಲಿ ಹಾವು ಕಂಡ ರಾತ್ರಿ. ಕಂದು ಮೈ, ಅಡ್ಡಡ್ಡ ಬಿಳಿಯ ಪಟ್ಟೆ. “ಅಯ್ಯೋ, ಕಟ್ಟುಹಾವು ಮಾರಾಯ!” ಎಂಬ ಕೂಗೆದ್ದೊಡನೆ ದೊಣ್ಣೆ ಬರುತ್ತದೆ. ಹೀಗೆ ಸಾಯುವುದು ಎಷ್ಟೋ ಸಲ ಹಲ್ಲಿಗಳನ್ನರಸಿ ಗೋಡೆಯೇರುವ, ವಿಷವಿಲ್ಲದ ತೋಳಹಾವು. ಇದರ ಪಟ್ಟೆಗಳು ಕೊರಳ ಕಡೆ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತ ಹೋಗುತ್ತವೆ. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು: ಮಿರುಗುವ ಕಪ್ಪು ಮೈ, ಜೋಡಿಜೋಡಿಯಾದ ತೆಳುಪಟ್ಟೆಗಳು, ಬಾಲದ ಕಡೆಗೇ ಹೆಚ್ಚು ಸ್ಪಷ್ಟ, ಬೆನ್ನಿನ ನಡುಗೆರೆಯಲ್ಲಿ ಆರು ಮೂಲೆಯ ದೊಡ್ಡ ಹುರುಪೆಗಳ ಸಾಲು.

ಹತ್ತಿರ ಹೋಗಿ ಹುರುಪೆ ಎಣಿಸುವುದು ಮಾತ್ರ ಹುಚ್ಚು ಸಾಹಸ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಇರುಳಿನಲ್ಲಿ ಕಚ್ಚಿದರೆ ನೋವೂ ತಿಳಿಯದಿರಬಹುದು, ಉಸಿರಾಟವೇ ನಿಲ್ಲಬಹುದು. ಆದ್ದರಿಂದ ಎರಡು ಮಾರು ದೂರದಲ್ಲಿ ನಿಂತು, ಮೈಯುದ್ದಕ್ಕೂ ಕಾಣುವಂತೆ ಚಿತ್ರ ತೆಗೆದು, ಬಲ್ಲವರಿಗೆ ತೋರಿಸುವುದೇ ಕ್ಷೇಮ. ಅಕಸ್ಮಾತ್ ಕಚ್ಚಿದ್ದೇ ಆದರೆ ಚಿತ್ರಕ್ಕಾಗಿ ಒಂದು ಗಳಿಗೆಯೂ ಕಳೆಯಬಾರದು. ನೇರವಾಗಿ ಆಸ್ಪತ್ರೆಗೆ ಹೋಗಬೇಕು. ನಮ್ಮ ದೇಶದ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮದ್ದು.

ಇದೇ ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿ ಕಾಳಿಂಗದ ಬೆನ್ನು ಹತ್ತಿ ಅದರ ಬದುಕನ್ನು ಅರಿಯುವ ಕೆಲಸ ನಡೆಯಿತು. ಮನೆಯವರು ಅಷ್ಟು ದೂರ ನಡೆಯಬೇಕಾಗಿಲ್ಲ. ದೊಣ್ಣೆ ಎತ್ತುವ ಮುನ್ನ ನಿಂತು ನೋಡುವ ಅರೆಗಳಿಗೆ ಸಾಕು. ಆ ಅರೆಗಳಿಗೆಯಲ್ಲಿ ಒಂದು ಜೀವ ಉಳಿಯುತ್ತದೆ. ಕೆಲವೊಮ್ಮೆ ಅದು ಹಾವಿನದು, ಕೆಲವೊಮ್ಮೆ ಮನುಷ್ಯನದು.